ಥರ್ಸ್‌ಡೇ ಎಂಬ ಗುರುವಾರ

ಕಳೆದ ತಿಂಗಳು, ಹೊಸದಾಗಿ ನೇಮಕವಾದ ನರ್ಸಮ್ಮಂದಿರಿಗೆ ಅನುಭವದ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದರು. ಹತ್ತು ನಿಮಿಷ ಕೊಟ್ಟಿದ್ದರು. ನನ್ನನ್ನು ಪರಿಚಯಿಸಲು ಎದ್ದು ನಿಂತ ಸಾಹೇಬರು ಅದರಲ್ಲಿ ಏಳು ನಿಮಿಷ ತಮ್ಮ ಅನುಭವವನ್ನೇ ಹೇಳಿದರು. ಉಳಿದ ಮೂರರಲ್ಲಿ ಶಾಲು, ಹಣ್ಣಿನ ಬುಟ್ಟಿ, ಫೋಟೊ ಮುಗಿದವು. ವೇದಿಕೆ ಇಳಿಯುವಾಗ ಒಬ್ಬ ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ಲಸಿಕೆ ಹಾಕೋದು ಥರ್ಸ್‌ಡೇ ಮಾತ್ರ ಅಲ್ವಾ? ಬಾಕಿ ದಿನ ಸ್ವಲ್ಪ ಫ್ರೀ ಇರುತ್ತಾ?"

ಆ ಹುಡುಗಿಗೆ ಅಲ್ಲೇ ನಿಂತು ಉತ್ತರ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಫ್ರೀ ಇರುವುದಿಲ್ಲಮ್ಮ. ಥರ್ಸ್‌ಡೇ ಎಂದರೇನು ಎಂದು ಜನಕ್ಕೆ ತಿಳಿಸುವುದರಲ್ಲೇ ಬಾಕಿ ಐದು ದಿನ ಹೋಗುತ್ತವೆ.

ನನ್ನ ಹೆಸರು ದಾಕ್ಷಾಯಿಣಿ. ಶನಿವಾರಸಂತೆ ಕಡೆಯವಳು. ಊರಿನ ಹೆಸರಲ್ಲೇ ವಾರವನ್ನು ಇಟ್ಟುಕೊಂಡ ಸೀಮೆಯಿಂದ ಬಂದವಳು ವಾರದ ವಿಷಯದಲ್ಲಿ ಎಡವುವುದಿಲ್ಲ ಎಂಬ ಜಂಬ ನನಗಿತ್ತು. ಸರ್ಕಾರ ನನ್ನನ್ನು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದು ಕರೆಯುತ್ತಿತ್ತು. ಆಮೇಲೆ ಆ ಹೆಸರನ್ನು ಬದಲಿಸಿ ಇನ್ನೂ ಉದ್ದ ಮಾಡಿದರು. ಹೆಗಲಿನ ಚೀಲ ಮಾತ್ರ ಹಗುರವಾಗಲಿಲ್ಲ. ಬಹುಕಾಲ ಇದ್ದದ್ದು ಚೆಟ್ಟಳ್ಳಿ ಕಡೆ, ಕಾಫಿ ಎಸ್ಟೇಟುಗಳ ನಡುವಿನ ಒಂದು ಉಪಕೇಂದ್ರದಲ್ಲಿ. ಅದರ ಹೆಸರು ಬರೆಯುವುದಿಲ್ಲ. ಈಗಲೂ ಆ ದಾರಿಯಲ್ಲಿ ಹೋದರೆ ಅಲ್ಲಿನವರು ಕೂರಿಸಿ ಕಾಫಿ ಕೊಡುತ್ತಾರೆ. ಆ ಕಾಫಿ ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ.

ಮೊದಲ ವಾರವೇ ಉತ್ಸಾಹದಿಂದ ಮನೆಮನೆಗೆ ಹೋಗಿ, "ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಕ್ಕಳನ್ನು ಕರೆದುಕೊಂಡು ಬನ್ನಿ, ಲಸಿಕೆ ಹಾಕ್ತೀವಿ" ಎಂದು ಅಚ್ಚ ಕನ್ನಡದಲ್ಲಿ ಹೇಳಿ ಬಂದೆ. ಎಲ್ಲರೂ ತಲೆಯಾಡಿಸಿದರು. ಗುರುವಾರ ಅಂಗನವಾಡಿಯ ಜಗಲಿಯಲ್ಲಿ ಐಸ್ ತುಂಬಿದ ಲಸಿಕೆ ಪೆಟ್ಟಿಗೆ ಇಟ್ಟುಕೊಂಡು ಕೂತೆ. ಮಧ್ಯಾಹ್ನದವರೆಗೆ ಬಂದದ್ದು ಒಂದು ಮಗು, ಒಂದು ನಾಯಿ. ಮಗು ಅಂಗನವಾಡಿ ಟೀಚರದ್ದೇ.

ಸಂಜೆ ಎಸ್ಟೇಟಿನ ರೈಟರು ಪೂವಯ್ಯ ಸಿಕ್ಕಿದರು. ರೈಟರು ಎಂದರೆ ಕತೆ ಬರೆಯುವವರಲ್ಲ. ಆಳುಗಳ ಹಾಜರಿ ಬರೆದು, ಯಾರು ಯಾವ ತೋಟಕ್ಕೆ ಎಂದು ಬೆಳಿಗ್ಗೆ ಕೂಗಿ ಹೇಳುವವರು. ನನ್ನ ಗೋಳು ಕೇಳಿ ಅವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು.

"ಎಂತ ಸಿಸ್ಟರೇ ನೀವು! ಕೂಲಿಯವರ ಮನೆ ಸಾಲು ಇದೆಯಲ್ಲ, ಆ ಲೈನಿನಲ್ಲಿ ಇರೋ ತಮಿಳರಿಗೆ ಅದು ವ್ಯಾಳಕ್ಕಿಳಮೈ. ಆಚೆ ಪೈಸಾರಿ ಸರ್ಕಾರಿ ಜಾಗದ ಮಲಯಾಳಿಗಳಿಗೆ ವ್ಯಾಳಾಯ್ಚ. ರೋಡ್ ಬದಿ ಸಾಬರಿಗೆ ಜುಮ್ಮೇರಾತ್. ಇವರಿಗೆ ಗುರು ಗೊತ್ತು, ವಾರ ಗೊತ್ತು, ಗುರುವಾರ ಗೊತ್ತಿಲ್ಲ. ಥರ್ಸ್‌ಡೇ ಅಂತ ಹೇಳಿ."

"ಇಂಗ್ಲಿಷಾ? ಇವರಿಗಾ?"

"ಇಲ್ಲಿ ಮಂಡೇಯಿಂದ ಸ್ಯಾಟರ್ಡೇ ತನಕ ಕೆಲಸ, ಸಂಡೇ ಸಂತೆ. ದೊರೆಗಳು ಹೋಗಿ ಎಷ್ಟು ಕಾಲ ಆಯ್ತು! ಬಂಗಲೆಯ ಪಿಂಗಾಣಿ ಎಲ್ಲಾ ಕಟ್ಟಿಕೊಂಡು ಹೋದ್ರು, ವಾರದ ಹೆಸರು ಮಾತ್ರ ಇಲ್ಲೇ ಬಿಟ್ಟು ಹೋದ್ರು."

ಅವರ ಮಾತು ನಿಜವಾಗಿತ್ತು. ಮುಂದಿನ ಥರ್ಸ್‌ಡೇ ಜಗಲಿ ತುಂಬಿತು. ಐದು ಭಾಷೆಯ ಜನ ಒಬ್ಬರ ವಾರವನ್ನು ಇನ್ನೊಬ್ಬರು ಒಪ್ಪದೆ, ಯಾರದ್ದೂ ಅಲ್ಲದ ಒಂದು ಹೆಸರನ್ನು ಒಪ್ಪಿಕೊಂಡಿದ್ದರು. ಒಪ್ಪಿಕೊಂಡರೇನು, ಹೇಳಲು ಬರಬೇಕಲ್ಲ? ಒಬ್ಬಳು ತೇಸ್ಡೆ ಎಂದರೆ ಇನ್ನೊಬ್ಬಳು ತರಸ್ಟೆ. ಮಂಗಳವಾರ ಅವರ ಬಾಯಲ್ಲಿ ಟೂಸ್ಡೆ, ಅವಸರವಾದರೆ ತೂಸ್ಟೆ. ಎರಡರ ನಡುವಿನ ದೂರ ಒಂದು ಉಸಿರಿನಷ್ಟು. ಇದು ನನಗೆ ಮೊದಲ ತಿಂಗಳಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಮುಂದೆ ಮಾಡಿದ ತಪ್ಪನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ.

ದಾಕ್ಷಾಯಿಣಿ ಎಂಬ ಹೆಸರು ಲೈನಿನಲ್ಲಿ ಯಾರ ನಾಲಿಗೆಗೂ ಒಗ್ಗಲಿಲ್ಲ. ನಾನು ಅಲ್ಲಿ 'ತೇಸ್ಡೆ ಸಿಸ್ಟರು' ಆದೆ. ಸೋಮವಾರ ಹೋದರೂ ತೇಸ್ಡೆ ಸಿಸ್ಟರು, ಭಾನುವಾರ ಸಂತೆಯಲ್ಲಿ ಒಣಮೀನಿನ ಸಾಲು ದಾಟುತ್ತಿದ್ದರೂ ತೇಸ್ಡೆ ಸಿಸ್ಟರು.

ನಾನು ಬಂದು ಬಹಳ ವರ್ಷಗಳಾದ ಮೇಲೆ ನಮ್ಮ ಉಪಕೇಂದ್ರ ಸೇರಿದ್ದ ಆಸ್ಪತ್ರೆಗೆ ಒಬ್ಬ ಹೊಸ ಡಾಕ್ಟರು ಬಂದರು. ಬಯಲುಸೀಮೆಯ ಹುಡುಗ, ಒಳ್ಳೆಯವನೇ. ಪುಸ್ತಕ ಓದುವ ಚಟ, ಓದಿದ್ದನ್ನು ಹೇಳುವ ಚಟ. ಎರಡನೆಯದು ಸ್ವಲ್ಪ ಜಾಸ್ತಿ. ಒಂದು ಗುರುವಾರ ಬೆಳಿಗ್ಗೆ, ನಾವೆಲ್ಲ ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೊರಟು ನಿಂತಾಗ, ಯಾರೋ 'ಥರ್ಸ್‌ಡೇ ಸಿಸ್ಟರ್' ಎಂದದ್ದು ಅವರ ಕಿವಿಗೆ ಬಿತ್ತು. ಸರಿ, ಶುರುವಾಯಿತು.

"ಥರ್ಸ್‌ಡೇ ಅಂದ್ರೆ ಏನು ಗೊತ್ತಾ ನಿಮಗೆ? ಥಾರ್ ಅನ್ನೋ ದೇವರ ದಿನ. ಯೂರೋಪಿನ ಉತ್ತರದವರ ಗುಡುಗಿನ ದೇವರು. ಕೈಯಲ್ಲಿ ಸುತ್ತಿಗೆ. ಅದನ್ನ ಬೀಸಿದ್ರೆ ಸಿಡಿಲು. ರೋಮಿನವರು ಇದೇ ದಿನಾನ ಅವರ ಗುಡುಗಿನ ದೇವರು ಜುಪಿಟರ್‌ಗೆ ಕೊಟ್ಟಿದ್ರು. ನಮ್ಮಲ್ಲಿ ಜುಪಿಟರ್ ಗ್ರಹಕ್ಕೆ ಏನಂತೀವಿ? ಗುರು! ಗುರುವಾರ! ನೋಡಿ, ಎಲ್ಲಾ ಒಂದೇ ದಿನ, ಒಂದೇ ಗ್ರಹ!"

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅವರು ಹಾಗೇ ಮಂಗಳವಾರಕ್ಕೆ ಬಂದರು. ಟ್ಯೂಸ್‌ಡೇ ಕೂಡ ಇನ್ನೊಬ್ಬ ದೇವರ ಹೆಸರಂತೆ, ಯುದ್ಧದವನಂತೆ, ತೋಳದ ಬಾಯಿಗೆ ಒಂದು ಕೈ ಕೊಟ್ಟು ಕಳೆದುಕೊಂಡನಂತೆ. ಅಷ್ಟು ಹೊತ್ತಿಗೆ ಪೆಟ್ಟಿಗೆಯ ಐಸು ಹನಿಯತೊಡಗಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಆಶಾ ಕಾರ್ಯಕರ್ತೆ ಸೆಲ್ವಿ, ಲೈನಿನಲ್ಲೇ ಹುಟ್ಟಿ ಬೆಳೆದ ಬಾಯಿಬಡುಕಿ, ತಡೆಯಲಾರದೆ ಕೇಳಿದಳು:

"ಸಾರ್, ಆ ಸುತ್ತಿಗೆ ದೇವ್ರು ನಡಕೊಂಡು ಹೋಗ್ತಾರಾ, ಗಾಡಿ ಇದೆಯಾ?"

"ರಥ ಇದೆ. ಎರಡು ಮೇಕೆ ಎಳೀತಾವೆ."

"ನೋಡಿ ಸಿಸ್ಟರಮ್ಮಾ. ಅವ್ರಿಗೆ ಮೇಕೆ ಆದ್ರೂ ಕೊಟ್ಟಿದಾರೆ."

ಡಾಕ್ಟರು ನಕ್ಕರು. ನಮಗೆ ಗಾಡಿ ಮಾತ್ರ ಬರಲಿಲ್ಲ.

ಇನ್ನು ನನ್ನ ಮೇಲಿನವರ ವಿಷಯ. ಹಿರಿಯ ಆರೋಗ್ಯ ಸಹಾಯಕರು ರಂಗಸ್ವಾಮಿ ಎಂದು ಇಟ್ಟುಕೊಳ್ಳಿ. ಹಾಸನದ ಕಡೆಯವರು. ಅವರಿಗೆ ಇಂಗ್ಲಿಷು ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಅವರೇ ನಂಬಿದ್ದರು. ಮೇಲಿನಿಂದ ಬರುವ ಸುತ್ತೋಲೆಗಳನ್ನು ಕನ್ನಡಕ್ಕೆ ಇಳಿಸಿ ಹೇಳುವ ಕೆಲಸ ಅವರದ್ದು. ಯಾರಾದರೂ ಅನುಮಾನ ಕೇಳಿದರೆ ಕನ್ನಡಕ ಮೂಗಿನ ತುದಿಗೆ ಇಳಿಸಿ, "ನೀನು ಡಿಗ್ರಿನೇನಮ್ಮ?" ಎನ್ನುತ್ತಿದ್ದರು. ಅವರದ್ದೂ ಡಿಗ್ರಿಯಾಗಿರಲಿಲ್ಲ.

ಒಂದು ಚಳಿಗಾಲ, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಜೋರಾಗಿದ್ದಾಗ, ಒಂದು ಸುತ್ತೋಲೆ ಬಂತು. ತಿಂಗಳಿಗೊಮ್ಮೆ ಮಡಿಕೇರಿಯಿಂದ ಹೆರಿಗೆ ತಜ್ಞೆಯೊಬ್ಬರು ನಮ್ಮ ಆಸ್ಪತ್ರೆಗೆ ಬಂದು ತೊಂದರೆ ಇರುವ ಬಸುರಿಯರನ್ನು ನೋಡುತ್ತಾರೆ ಎಂದು. ಒಳ್ಳೆಯ ವಿಷಯ. ಕೆಳಗೆ ಒಂದು ಪಟ್ಟಿ. ಪ್ರತಿ ಆಸ್ಪತ್ರೆಯ ಹೆಸರಿನ ಮುಂದೆ ಭೇಟಿಯ ದಿನ. ನಮ್ಮದರ ಮುಂದೆ ಇಂಗ್ಲಿಷಿನಲ್ಲಿ ಎರಡನೇ ಟಿ ಎಂದಷ್ಟೇ ಇತ್ತು. ಬರೀ ಒಂದು ಅಕ್ಷರ. ಕಾಗದಕ್ಕೆ ಬರಗಾಲ ಬಂದಿತ್ತೋ ಏನೋ.

"ಎರಡನೇ ಟೀನಾ? ಹತ್ತೂವರೆಗೆ ಕೊಡ್ತಾರಲ್ಲಾ, ಅದಾ?" ಎಂದಳು ಸೆಲ್ವಿ.

ರಂಗಸ್ವಾಮಿಯವರು ಅವಳನ್ನು ಗದರಿ, "ಟಿ ಅಂದ್ರೆ ಟ್ಯೂಸ್‌ಡೇ. ತಿಂಗಳ ಎರಡನೇ ಮಂಗಳವಾರ. ಬರ್ಕೊಳ್ಳಿ" ಎಂದರು.

ನನಗೆ ಅನುಮಾನ ಬಂತು. ಥರ್ಸ್‌ಡೇ ಕೂಡ ಅದೇ ಅಕ್ಷರದಿಂದ ಶುರುವಾಗುತ್ತದೆ. ವರ್ಷಗಟ್ಟಲೆ ಅದೇ ಹೆಸರಿನಿಂದ ಕರೆಸಿಕೊಂಡವಳಿಗೆ ಅಷ್ಟಾದರೂ ಗೊತ್ತಿತ್ತು. "ಸಾರ್, ಥರ್ಸ್‌ಡೇನೂ ಇರಬಹುದಲ್ವಾ? ಒಂದು ಫೋನ್ ಮಾಡಿ ಕೇಳಿದ್ರೆ..." ಎಂದೆ. ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಥರ್ಸ್‌ಡೇ ಆಗಿದ್ರೆ ಟಿ, ಎಚ್ ಅಂತ ಹಾಕ್ತಿದ್ರಮ್ಮ. ಇಂಗ್ಲಿಷ್‌ನೋರಿಗೆ ಅಷ್ಟೂ ಗೊತ್ತಿರಲ್ವಾ?" ಸುತ್ತೋಲೆ ಬರೆದ ಗುಮಾಸ್ತ ಯಾವ ಇಂಗ್ಲಿಷಿನವನೋ! ಡಾಕ್ಟರು? ಥಾರ್ ದೇವರ ಮೇಕೆಗಳವರೆಗೆ ತಿಳಿದಿದ್ದ ಡಾಕ್ಟರು ಆ ಸುತ್ತೋಲೆಯ ಮೂಲೆಯಲ್ಲಿ 'ನೋಡಿದೆ' ಎಂದು ಸಹಿ ಹಾಕಿದ್ದರು.

ನಾನೂ ಸುಮ್ಮನಾದೆ. ಇದನ್ನು ಹೊಸಬರು ಗಮನವಿಟ್ಟು ಓದಿ. ನನಗೆ ಗೊತ್ತಿರಲಿಲ್ಲ ಎಂದಲ್ಲ. ಬೈಸಿಕೊಳ್ಳುವುದಕ್ಕೆ ಬೇಸರವಾಗಿ ಸುಮ್ಮನಾದೆ. ಆ ಬೇಸರಕ್ಕೆ ಇಲಾಖೆಯಲ್ಲಿ ವಿಧೇಯತೆ ಎಂದು ಹೆಸರು.

ಎಸ್ಟೇಟಿನ ಲೈನಿನಲ್ಲಿ ಆಗ ಒಂಬತ್ತು ಮಂದಿ ಬಸುರಿಯರಿದ್ದರು. ಎಲ್ಲರಿಗೂ ಟ್ಯೂಸ್‌ಡೇ ಎಂದು ಹೇಳಿದೆ. ಅವರಲ್ಲಿ ಮುತ್ತುಲಕ್ಷ್ಮಿ ಎಂಬವಳ ಬಗ್ಗೆ ನನಗೆ ಚಿಂತೆಯಿತ್ತು. ಎಂಟನೇ ತಿಂಗಳು, ಚೊಚ್ಚಲು. ಹಿಂದಿನ ವಾರ ನೋಡಿದಾಗ ಬಿಪಿ ಸ್ವಲ್ಪ ಏರಿತ್ತು, ಪಾದ ಊದಿತ್ತು. "ನೀನು ಮಾತ್ರ ತಪ್ಪಿಸಬೇಡ ತಾಯಿ, ದೊಡ್ಡ ಡಾಕ್ಟರಮ್ಮ ಬರ್ತಾರೆ" ಎಂದು ಎರಡು ಸಲ ಹೇಳಿದ್ದೆ. ಮಾತು ಕಡಿಮೆಯ ಹುಡುಗಿ. ತಲೆಯಾಡಿಸಿದಳು.

ಮಂಗಳವಾರ ಒಂಬತ್ತೂ ಮಂದಿ ಬಂದರು. ಪಿಕಿಂಗ್ ಕಾಲದಲ್ಲಿ ರಜೆ ಕೇಳಿ ಬರುವುದು ಸುಲಭವಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಧ್ಯಾಹ್ನದವರೆಗೆ ಬಿಸಿಲಿಗೆ ಕೂತರು. ಡಾಕ್ಟರಮ್ಮ ಬರಲಿಲ್ಲ. ನಮ್ಮ ಡಾಕ್ಟರೂ ಅಂದು ಮೀಟಿಂಗಿಗೆ ಹೋಗಿದ್ದರು. ರಂಗಸ್ವಾಮಿಯವರು, "ದೊಡ್ಡವರು, ಏನೋ ಕೆಲಸ ಬಿದ್ದಿರುತ್ತೆ, ಮುಂದಿನ ತಿಂಗಳು ಬನ್ನಿ" ಎಂದು ಕಳಿಸಿಬಿಟ್ಟರು. ನಾನು ಇಬ್ಬರ ಬಿಪಿ ನೋಡುವಷ್ಟರಲ್ಲಿ ಉಳಿದವರು ಎದ್ದು ಹೊರಟಿದ್ದರು. ಮುತ್ತುಲಕ್ಷ್ಮಿ ಆ ಉಳಿದವರಲ್ಲಿದ್ದಳು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ಮುಂದೆ ಬಿಳಿ ಕಾರು ಬಂದು ನಿಂತಿತು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು ಇಳಿದರು. ಖಾಲಿ ಬೆಂಚು ನೋಡಿದರು.

"ಎಲ್ಲಿ ಪೇಷಂಟ್ಸ್?"

ರಂಗಸ್ವಾಮಿಯವರು ಕೈ ಹಿಸುಕುತ್ತಾ ನಿಂತರು. "ಅವರೆಲ್ಲ... ಈ ಜನಕ್ಕೆ ಎಷ್ಟು ಹೇಳಿದ್ರೂ ಬರಲ್ಲ ಮೇಡಂ. ಅವೇರ್‌ನೆಸ್ ಇಲ್ಲ."

ನನ್ನ ಮೈ ಉರಿಯಿತು. "ಬಂದಿದ್ರು ಮೇಡಂ. ನಾವು ಹೇಳಿದ ದಿನ ಬಂದಿದ್ರು. ಮಂಗಳವಾರ" ಎಂದೆ.

ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ಗಂಟೆ ತನಕ ಇರ್ತೀನಿ. ಕರ್ಕೊಂಡು ಬಾ."

ಸೆಲ್ವಿಯನ್ನು ಎಳೆದುಕೊಂಡು ಬಾಡಿಗೆ ಜೀಪು ಹತ್ತಿದೆ. ಎಸ್ಟೇಟಿಗೆ ಹೋದರೆ ಎಲ್ಲರೂ ಗಿಡಗಳ ನಡುವೆ ಚದುರಿದ್ದಾರೆ. ಬೆಟ್ಟದ ಇಳಿಜಾರಿನಲ್ಲಿ ಯಾರು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಸಂಜೆಯಾಗುತ್ತದೆ. ಪೂವಯ್ಯ ರೈಟರು ರಸ್ತೆ ಬದಿ ನಿಂತಿದ್ದರು. ಹೇಳಿದೆ.

"ಪಿಕಿಂಗ್ ನಿಲ್ಲಿಸಿದ್ರೆ ಸಾಹುಕಾರ್ರು ನನ್ನ ಚರ್ಮ ಸುಲೀತಾರೆ ಸಿಸ್ಟರೇ. ಆಳು ಸಾಲಲ್ಲ ಅಂತ ನಿನ್ನೆ ತಾನೇ ಬೈದಿದ್ದಾರೆ."

"ಒಬ್ಬಳ ಜೀವದ ವಿಷಯ ರೈಟರೇ. ಮುತ್ತುಲಕ್ಷ್ಮಿ."

ಅವರು ಕೊರಳಲ್ಲಿದ್ದ ಸೀಟಿ ಬಾಯಿಗಿಟ್ಟು ಉದ್ದಕ್ಕೆ ಮೂರು ಸಲ ಊದಿ, "ಆನೆ! ಆನೆ! ರೋಡಿಗೆ ಬನ್ನಿ!" ಎಂದು ಅರಚಿದರು.

ಐದೇ ನಿಮಿಷದಲ್ಲಿ ತೋಟವೆಲ್ಲ ರಸ್ತೆಗೆ ಬಂದು ನಿಂತಿತು. ಚೀಲ ಬಿಸಾಡಿ ಓಡಿ ಬಂದಿದ್ದರು. ನಾನೂ ಗಾಬರಿಯಿಂದ ಹಿಂದೆ ಮುಂದೆ ನೋಡಿದೆ.

"ಎಲ್ಲಿ ರೈಟರೇ ಆನೆ?"

"ಇತ್ತು, ಹೋಯ್ತು" ಎಂದರು ಪೂವಯ್ಯ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಆನೆಗೆ ಪಿಕಿಂಗ್ ನಿಲ್ಲಿಸಿದ್ರೆ ಸಾಹುಕಾರ್ರು ಬೈಯೋದಿಲ್ಲ. ಹೆಂಗಸರಿಗೆ ನಿಲ್ಲಿಸಿದ್ರೆ ಬೈತಾರೆ. ಬೇಗ ಹತ್ತಿಸಿಕೊಳ್ಳಿ."

ಎಂಟು ಮಂದಿ ಸಿಕ್ಕರು. ಮುತ್ತುಲಕ್ಷ್ಮಿ ಕೆಲಸಕ್ಕೇ ಬಂದಿರಲಿಲ್ಲ. ಲೈನಿಗೆ ಓಡಿದೆವು. ಕಿಟಕಿಗೆ ಸೀರೆ ಅಡ್ಡ ಕಟ್ಟಿ, ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. "ಅವತ್ತು ಬಿಸಿಲಲ್ಲಿ ಕೂತು ತಲೆನೋವು ಬಂತು. ಹೋಗ್ತಾನೇ ಇಲ್ಲ. ನೀವು ಎರಡೆರಡು ಕಾಣ್ತೀರಿ" ಎಂದಳು. ಬಿಪಿ ಪಟ್ಟಿ ಸುತ್ತಿ ಗಾಳಿ ಬಿಟ್ಟಾಗ ಪಾದರಸ ನಿಂತ ಜಾಗ ನೋಡಿದ್ದೇ ಅವಳನ್ನು ಎತ್ತಿಕೊಂಡು ಜೀಪಿಗೆ ಸಾಗಿಸಿದೆವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳನ್ನು ನೋಡಿದ್ದು ಎರಡೇ ನಿಮಿಷ. ಒಂದು ಇಂಜೆಕ್ಷನ್ ಕೊಟ್ಟು, ಉಳಿದವರನ್ನು ನಮ್ಮ ಡಾಕ್ಟರಿಗೆ ಒಪ್ಪಿಸಿ, ತಮ್ಮದೇ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೇರಿಗೆ ಹೊರಟುಬಿಟ್ಟರು. ಹೋಗುವಾಗ ಕಿಟಕಿಯಿಂದ ಇಷ್ಟೇ ಹೇಳಿದರು: "ಶನಿವಾರ ತನಕ ಬಿಟ್ಟಿದ್ದರೆ ನಿಮಗೆ ಬೇರೆ ಪಟ್ಟಿಯಲ್ಲಿ ಬರೆಯೋ ಕೆಲಸ ಇರ್ತಿತ್ತು." ಅಂದು ಸಂಜೆಯೇ ಆಪರೇಷನ್ ಆಯಿತು. ಹೆಣ್ಣು ಮಗು, ಅಂಗೈಯಗಲ. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಇಲಾಖೆ ಎಂದ ಮೇಲೆ, ಸಾವು ತಪ್ಪಿದರೂ ವಿಚಾರಣೆ ತಪ್ಪುವುದಿಲ್ಲ. ತಜ್ಞೆ ಬಂದ ದಿನ ರೋಗಿಗಳು ಏಕೆ ಹಾಜರಿರಲಿಲ್ಲ ಎಂದು ಮೇಲಿನಿಂದ ಪ್ರಶ್ನೆ ಬಂತು. ರಂಗಸ್ವಾಮಿಯವರು, "ನಾನು ಸರಿಯಾಗೇ ಹೇಳಿದ್ದೆ, ಸಿಸ್ಟರು ತಪ್ಪಾಗಿ ಬರೆದುಕೊಂಡರು" ಎಂದು ಉತ್ತರ ಬರೆದರು. ನನಗೆ ಮೆಮೋ ಬಂತು. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ಖುದ್ದಾಗಿ ಬಂದು ವಿವರಣೆ ಕೊಡಬೇಕು. ಹಾಜರಾಗಬೇಕಾದ ದಿನವನ್ನು ಈ ಸಲ ಪೂರ್ತಿಯಾಗಿ ಬರೆದಿದ್ದರು: ತಾರೀಖು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಥರ್ಸ್‌ಡೇ. ಕ್ಯಾಲೆಂಡರ್ ತೆಗೆದು ನೋಡಿದೆ. ಆ ತಾರೀಖು ಮಂಗಳವಾರ ಬೀಳುತ್ತಿತ್ತು.

ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಮಂಗಳವಾರ ಹೋದೆ. ಬಾಗಿಲಲ್ಲಿದ್ದ ಜವಾನ, "ಸಾಹೇಬ್ರು ಇಲ್ಲ, ನಿಮ್ದು ಗುರುವಾರ" ಎಂದ. "ಬಂದಿದ್ದೆ ಅಂತ ಬರೆದುಕೊಡಿ" ಎಂದು ಪಟ್ಟು ಹಿಡಿದು ಟಪಾಲು ತೆಗೆದುಕೊಳ್ಳುವ ಮೇಜಿನಲ್ಲಿ ಒಂದು ಅರ್ಜಿ ಕೊಟ್ಟು ಮೊಹರು ಹಾಕಿಸಿಕೊಂಡೆ. ಗುರುವಾರ ಮತ್ತೆ ಹೋದೆ. ಸಾಹೇಬರು ಕುರ್ಚಿಯಲ್ಲಿದ್ದರು, ರಂಗಸ್ವಾಮಿಯವರು ಪಕ್ಕದಲ್ಲಿ.

"ದಿನ ತಿಳ್ಕೊಂಡು ಜನಕ್ಕೆ ಹೇಳೋಕೂ ಆಗಲ್ವೇನಮ್ಮ ನಿಮಗೆ? ಇಷ್ಟು ವರ್ಷ ಸರ್ವಿಸ್ ಆಗಿದೆ" ಎಂದರು ಸಾಹೇಬರು.

ನಾನು ಮೆಮೋ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಮೊಹರು ಹಾಕಿದ ಅರ್ಜಿಯನ್ನೂ ಇಟ್ಟೆ. "ತಾರೀಖಿನ ಪ್ರಕಾರ ಮೊನ್ನೆ ಬಂದಿದ್ದೆ ಸಾರ್. ವಾರದ ಪ್ರಕಾರ ಇವತ್ತು ಬಂದಿದ್ದೀನಿ. ನನಗೆ ಓದು ಬರಹ ಗೊತ್ತು, ಬಸ್ಸಿತ್ತು, ಸಂಬಳದ ಕೆಲಸ ಇತ್ತು, ಅದಕ್ಕೆ ಎರಡು ದಿನ ಬಂದೆ. ಆ ಹೆಂಗಸರು ಎರಡು ದಿನ ಹೇಗೆ ಬರ್ತಾರೆ ಸಾರ್?"

ಸಾಹೇಬರು ಮೆಮೋ ನೋಡಿದರು, ಗೋಡೆಯ ಕ್ಯಾಲೆಂಡರ್ ನೋಡಿದರು, ಕೊನೆಗೆ ರಂಗಸ್ವಾಮಿಯವರನ್ನು ನೋಡಿದರು. ಮೆಮೋ ಟೈಪು ಮಾಡಿಸಿದವರು ಅವರೇ ಎಂದು ನನಗೆ ಆಗ ಗೊತ್ತಾಯಿತು. ಬೆವರುತ್ತಿದ್ದರು. "ಟೈಪಿಂಗ್ ಮಿಸ್ಟೇಕ್ ಸಾರ್."

"ನನ್ನದು ಟೈಪಿಂಗ್ ಮಿಸ್ಟೇಕೂ ಅಲ್ಲ ಸಾರ್" ಎಂದೆ. "ಅನುಮಾನ ಇತ್ತು. ಗಟ್ಟಿಯಾಗಿ ಕೇಳಲಿಲ್ಲ. ಅದು ನನ್ನ ತಪ್ಪು, ಬರೆದುಕೊಡ್ತೀನಿ."

ಒಂದೂವರೆ ಪುಟ ಬರೆದುಕೊಟ್ಟೆ. ಶಿಕ್ಷೆ ಯಾರಿಗೂ ಆಗಲಿಲ್ಲ. ಆದರೆ ತಿಂಗಳೊಳಗೆ ಒಂದು ಹೊಸ ಸುತ್ತೋಲೆ ಬಂತು: ಇನ್ನು ಮುಂದೆ ಎಲ್ಲ ಪತ್ರಗಳಲ್ಲಿ ವಾರದ ಹೆಸರನ್ನು ಪೂರ್ಣವಾಗಿ, ಕನ್ನಡದಲ್ಲಿ ಬರೆಯತಕ್ಕದ್ದು. ಇದು ಸಾಹೇಬರ ನೂತನ ಚಿಂತನೆ ಎಂದು ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ರಂಗಸ್ವಾಮಿಯವರು. ಕನ್ನಡದಲ್ಲಿ ಬರೆದ ಗುರುವಾರ ಲೈನಿನಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಅಲ್ಲಿ ಹೇಳಹೋಗಲಿಲ್ಲ. ಬಂದು ಸೆಲ್ವಿಗೆ ಹೇಳಿದೆ. ಅವಳು ತನಗೆ ಗೊತ್ತಿದ್ದ ಎಲ್ಲ ಭಾಷೆಗಳಲ್ಲೂ ಇಲಾಖೆಯನ್ನು ಬೈದಳು.

ಈಗ ನಿಮ್ಮ ಕೈಗೆ ಟ್ಯಾಬ್ ಕೊಟ್ಟಿದ್ದಾರೆ, ಮೆಸೇಜು ತಾನೇ ಹೋಗುತ್ತದೆ. ಒಳ್ಳೆಯದೇ. ನನ್ನ ಕೊನೆಯ ವರ್ಷಗಳಲ್ಲಿ ನಾನೂ ಅದನ್ನು ತಿಕ್ಕಿದ್ದೇನೆ. ಮೆಸೇಜು ಹೋಗುವುದು ಗಂಡನ ಫೋನಿಗೆ. ಗಂಡ ಇರುವುದು ಬೇರೆ ಎಸ್ಟೇಟಿನಲ್ಲಿ. ಬರೆದಿರುವುದು ಇಂಗ್ಲಿಷಿನಲ್ಲಿ, ಅದೂ ಮೂರೇ ಅಕ್ಷರದ ವಾರ. ಟ್ಯಾಬ್ ಮಾತ್ರ 'ಮಾಹಿತಿ ತಲುಪಿದೆ' ಎಂದು ಹಸಿರು ಗುರುತು ತೋರಿಸುತ್ತದೆ. ರಂಗಸ್ವಾಮಿಯವರೂ ಹಾಗೇ ತಲೆಯಾಡಿಸುತ್ತಿದ್ದರು.

ಆದರೆ ನಾನು ಹೇಳಬೇಕೆಂದಿದ್ದು ಟ್ಯಾಬಿನ ಕತೆಯಲ್ಲ, ಮೆಮೋದ್ದೂ ಅಲ್ಲ.

ಮುತ್ತುಲಕ್ಷ್ಮಿಯ ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಬೇಕಿತ್ತು. ಥರ್ಸ್‌ಡೇ ಉಪಕೇಂದ್ರಕ್ಕೆ ಬಾ ಎಂದು ಸೆಲ್ವಿಯ ಕೈಯಲ್ಲಿ ಹೇಳಿಕಳಿಸಿದ್ದೆ. ಗುರುವಾರ ನಾನು ಉಪಕೇಂದ್ರಕ್ಕೆ ಹೋದಾಗ ಅವಳು ಆಗಲೇ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ನನಗೆ ಖುಷಿಯಾಯಿತು. "ನೋಡು, ಎಷ್ಟು ಬೇಗ ಬಂದಿದ್ದೀಯ!" ಎಂದೆ.

"ಮೊನ್ನೆಯಿಂದ ಬರ್ತಾ ಇದೀನಿ" ಎಂದಳು.

"ಮೊನ್ನೆಯಿಂದ?"

"ಟೂಸ್ಡೆ ಬಂದೆ. ಬಾಗಿಲು ಹಾಕಿತ್ತು. ನಿನ್ನೆ ಬಂದೆ. ನೀವು ಫೀಲ್ಡಿಗೆ ಹೋಗಿದ್ರಿ. ಇವತ್ತು ಬಂದೆ."

"ಸೆಲ್ವಿ ಸರಿಯಾಗಿ ಹೇಳಲಿಲ್ವಾ?"

"ಹೇಳಿದ್ರು. ತೇಸ್ಡೆ ಅಂತಾನೇ ಹೇಳಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿನ ಟೋಪಿ ಸರಿಮಾಡುತ್ತಾ ಹೇಳಿದಳು. "ಅವತ್ತೂ ನೀವು ಸರಿಯಾಗೇ ಹೇಳಿದ್ರಿ, ಎರಡು ಸಲ. ಈ ಸಲ ಮೂರು ದಿನ ಬಂದ್ರೆ ಒಂದು ದಿನ ಆದ್ರೂ ನಿಜ ಇರುತ್ತಲ್ಲಾ, ಸಿಸ್ಟರ್."

ಬಾಗಿಲು ತೆಗೆದೆ, ಕೈ ತೊಳೆದೆ, ಮಗುವಿನ ತೊಡೆ ಒರೆಸಿ ಸೂಜಿ ಹಾಕಿದೆ. ಅದು ಗಂಟಲು ಕಿತ್ತುಹೋಗುವಂತೆ ಅತ್ತಿತು. ಮುಂದಿನ ಸೂಜಿ ಯಾವಾಗ ಎಂದು ಅವಳು ಕೇಳಲಿಲ್ಲ. ಕೇಳಿ ಪ್ರಯೋಜನವಿಲ್ಲ ಎಂದುಕೊಂಡಿದ್ದಳು. ಮಗುವನ್ನು ಎದೆಗೆ ಹಾಕಿಕೊಂಡು ಹೊರಟೇಬಿಟ್ಟಳು.

ನಾಲ್ಕು ವಾರ ಬಿಟ್ಟು, ಮುಂದಿನ ಸೂಜಿಯ ಹಿಂದಿನ ಸಂಜೆ, ನಾನೇ ನಡೆದುಕೊಂಡು ಲೈನಿಗೆ ಹೋದೆ. ಅವಳು ಒಲೆಯ ಮುಂದಿದ್ದಳು.

"ನಾಳೆ" ಎಂದೆ.

"ನಾಳೆನಾ?"

"ನಾಳೆ. ನೀನು ಬರಬೇಡ. ಪೆಟ್ಟಿಗೆ ತಗೊಂಡು ನಾನೇ ಇಲ್ಲಿಗೆ ಬರ್ತೀನಿ."

ಅವಳು ನನ್ನನ್ನು ಒಂದು ಸಲ ನೋಡಿ, ಒಲೆಯ ಕಡೆ ತಿರುಗಿ ಸೌದೆ ಮುಂದೆ ತಳ್ಳಿದಳು.

"ಬಂದಾಗ ನೋಡೋಣ" ಎಂದಳು.